ಎಸ್ತರಬಾಯಿಯ ರಿಮ್ ಸ್ಟ್ಯಾಂಡು

ಕಿರುಗುಟ್ಟುವ ವಸ್ತು ಯಾವುದೇ ಇರಲಿ, ಎಣ್ಣೆ ಬಿಟ್ಟರೆ ಸುಮ್ಮನಾಗುತ್ತದೆ ಎಂದು ಅಶ್ವಜಿತ ಇಪ್ಪತ್ತಾರು ವರ್ಷ ನಂಬಿಕೊಂಡು ಬಂದಿದ್ದ. ಔರಾದದ ಅವನ ಮನೆಯ ಬಾಗಿಲು ಹಾಗೇ ಸುಮ್ಮನಾಗಿತ್ತು. ಅವ್ವನ ಹೊಲಿಗೆ ಮಷೀನು ಸುಮ್ಮನಾಗಿತ್ತು. ಹಾಗಾಗಿ ಹೊಸ ಗೇರ್ ಸೈಕಲ್ಲಿನ ಡಿಸ್ಕ್ ಬ್ರೇಕು ಧೂಳು ಕುಡಿದು ಊರೆಲ್ಲ ಕೇಳುವಂತೆ ಕಿರುಚತೊಡಗಿದಾಗ ಅವನಿಗೆ ಯೋಚನೆಯೇ ಬೇಕಾಗಲಿಲ್ಲ. ಅಡಿಗೆಗೆ ಇಟ್ಟ ಕುಸುಬಿ ಎಣ್ಣೆಯ ಬಾಟಲಿ ತಂದ. ಮುಂದಿನ ಗಾಲಿಯ ತಟ್ಟೆಗೆ ನಾಲ್ಕು ಹನಿ, ಹಿಂದಿನದಕ್ಕೆ ನಾಲ್ಕು ಹನಿ ಬಿಟ್ಟು, ಬಟ್ಟೆಯಿಂದ ಚೆನ್ನಾಗಿ ಸವರಿದ. ಕಿರುಚಾಟ ನಿಂತಿತು. ಇಂಥ ಸಣ್ಣ ಕೆಲಸಕ್ಕೂ ಮಿಸ್ತ್ರಿಯ ಹತ್ತಿರ ಓಡುವ ಜನರ ಬಗ್ಗೆ ಅವನಿಗೆ ಕನಿಕರ ಹುಟ್ಟಿತು.

ನಿಂತದ್ದು ಕಿರುಚಾಟ ಮಾತ್ರ, ಸೈಕಲ್ ನಿಲ್ಲುವುದಿಲ್ಲ ಎಂಬುದು ಗೊತ್ತಾದದ್ದು ಬೀದರಿನ ಅಂಚಿನ ನೌಬಾದದ ಇಳಿಜಾರಿನಲ್ಲಿ. ಎರಡೂ ಬ್ರೇಕನ್ನು ಹ್ಯಾಂಡಲ್‌ಗೆ ಮುಟ್ಟುವ ತನಕ ಹಿಡಿದ. ಸೈಕಲ್ಲಿಗೆ ಅದರಿಂದ ಇನ್ನಷ್ಟು ಹುರುಪು ಬಂದಂತಾಯಿತು. ಎದುರಿಗೆ ಬಂದ ಟಂಟಂ ಆಟೋ ತಪ್ಪಿಸಿದ, ಒಂದು ಮೇಕೆ ತಾನೇ ತಪ್ಪಿಸಿಕೊಂಡಿತು, ಆಮೇಲೆ ಎದುರಾದದ್ದು ರಸ್ತೆ ಬದಿಯ ಒಂದು ತಗಡಿನ ಸೈಕಲ್ ಅಂಗಡಿ. ಅದು ಅತ್ತಿತ್ತ ಸರಿಯುವ ಪೈಕಿ ಅಲ್ಲ. ಹಳೆ ಟೈರುಗಳ ರಾಶಿಗೆ ಸೈಕಲ್ ಹೊಕ್ಕಿತು, ಅಶ್ವಜಿತ ಅದರ ಮೇಲಿಂದ ಹಾರಿ ಒಳಗೆ ಹೋಗಿ, ಅಲ್ಲಿದ್ದ ಕಬ್ಬಿಣದ ದೊಡ್ಡ ಸ್ಟ್ಯಾಂಡಿಗೆ ಹಣೆ ಕೊಟ್ಟ. ಹಣೆ ಬಿರಿಯಿತು. ಸ್ಟ್ಯಾಂಡು ಅಲುಗಲೂ ಇಲ್ಲ.

ಕಣ್ಣಿಗಿಳಿಯುತ್ತಿದ್ದ ರಕ್ತದ ನಡುವೆ ಒಬ್ಬ ಹೆಂಗಸು ಕಂಡಳು. ಐವತ್ತರ ಹತ್ತಿರ ವಯಸ್ಸು, ಸೀರೆಯ ಮೇಲೆ ಗಂಡಸರ ಅಂಗಿ, ಮೊಣಕೈ ತನಕ ಗ್ರೀಸು. ಅವಳು ಮೊದಲು ಸ್ಟ್ಯಾಂಡು ಮುಟ್ಟಿ ನೋಡಿದಳು. ಆಮೇಲೆ ಸೈಕಲ್ ನೋಡಿದಳು. ಕೊನೆಗೆ ಇವನನ್ನು.

"ಬ್ರೇಕ್ ಹಿಡಿಲಾಕ ಬರಲ್ಲೇನು?"

"ಹಿಡದಿದ್ದೆರಿ. ಅದು ಹಿಡೀಲಿಲ್ಲರಿ."

ಅವಳು ಬ್ರೇಕಿನ ತಟ್ಟೆಯ ಮೇಲೆ ಬೆರಳು ಎಳೆದು ಮೂಸಿದಳು. ಮರುಕ್ಷಣ ಅಶ್ವಜಿತನ ಕೆನ್ನೆ ಉರಿಯಿತು. ಏಟು ಎಷ್ಟು ಚುರುಕಾಗಿತ್ತೆಂದರೆ ಹಣೆಯ ನೋವು ಮರೆತೇಹೋಯಿತು.

"ಇದ್ರಾಗ ಭಜಿ ಕರೀಲಾಕತ್ತಿದ್ದೇನು, ಮಬ್ಬ?"

ಎಸ್ತರಬಾಯಿಯ ಪರಿಚಯ ಅವನಿಗಾದದ್ದು ಹೀಗೆ. ಅವಳೇ ಆಸ್ಪತ್ರೆಯ ಸ್ಪಿರಿಟ್ಟಿನಿಂದ ಮೊದಲು ಬ್ರೇಕಿನ ತಟ್ಟೆ ಒರೆಸಿದಳು, ಅದೇ ಬಟ್ಟೆಯ ಇನ್ನೊಂದು ತುದಿಯಿಂದ ಅವನ ಹಣೆ ಒರೆಸಿದಳು. ಎಣ್ಣೆ ಕುಡಿದ ಬ್ರೇಕ್ ಪ್ಯಾಡುಗಳನ್ನು ಕಿತ್ತು ರಸ್ತೆಗೆಸೆದು ಹೊಸವು ಹಾಕಿದಳು.

ಅಶ್ವಜಿತನ ಕೆಲಸ ನೌಬಾದದ ಹೊರಗಿನ ಧರ್ಮಕಾಂಟಾದಲ್ಲಿ. ಸೋಯಾ, ತೊಗರಿ ಹೇರಿದ ಲಾರಿ ತೂಕದ ತಟ್ಟೆಯ ಮೇಲೆ ಬಂದು ನಿಲ್ಲುತ್ತದೆ, ಇವನು ಗುಂಡಿ ಒತ್ತಿ ಚೀಟಿ ಹರಿದು ಕೊಡುತ್ತಾನೆ. ಭಾನುವಾರ ಔರಾದಕ್ಕೆ ಅವ್ವನನ್ನು ನೋಡಲು ಬಸ್ಸಿನಲ್ಲಿ ಹೋಗುವುದು ಬಿಟ್ಟು ಸೈಕಲ್ ಮೇಲೆ ಹೋಗಬೇಕೆಂಬ ಹುಚ್ಚು ಫೋನಿನ ವಿಡಿಯೋ ನೋಡಿ ಹತ್ತಿಕೊಂಡದ್ದು. ಅದರಲ್ಲಿ ಒಬ್ಬ ಬಿಳಿಯನು ಕಾಡಿನ ನಡುವೆ ನಿಂತು, ಅಗ್ಗದ ಸೈಕಲ್ಲಿನ ಒಂದೊಂದೇ ಭಾಗ ಬದಲಿಸಿ, ಕೊನೆಗೆ ಬಂಡೆಗಳ ಮೇಲಿಂದ ಹಾರುತ್ತಿದ್ದ. ಅವನ ಕೈಗೆ ಒಂದು ಚೂರೂ ಮಸಿ ಹತ್ತುತ್ತಿರಲಿಲ್ಲ. ಅಶ್ವಜಿತ ಕೊಂಡದ್ದೂ ಅಂಥದೇ ಹಾರ್ಡ್‌ಟೇಲ್: ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗು ಇರುತ್ತದೆ, ಹಿಂದೆ ಏನೂ ಇರುವುದಿಲ್ಲ. ಹಿಂದಿನ ಸ್ಪ್ರಿಂಗಿನ ಕೆಲಸ ಸವಾರನ ಬೆನ್ನುಮೂಳೆಗೆ ವಹಿಸಿದ್ದು.

ಪ್ರತಿ ಹೊಸ ಭಾಗ ಹಾಕಿಸಿದಾಗಲೂ ಅವನು ಸೈಕಲ್ ಹಗುರಾಯಿತೇ ಎಂದು ಧರ್ಮಕಾಂಟಾದ ಮೇಲೆ ನಿಲ್ಲಿಸಿ ನೋಡುತ್ತಿದ್ದ. ಅದು ಲಾರಿ ತೂಗುವ ಕಾಂಟಾ. ಹತ್ತು ಕೆಜಿಗಿಂತ ಸಣ್ಣ ಲೆಕ್ಕ ಅದಕ್ಕೆ ಬರುವುದಿಲ್ಲ.

"ನೀ ಮತ್ತ ಸೈಕಲ್ ಕೂಡಿ ಎಂಬತ್ತು," ಎಂದು ಅವನ ಜೊತೆ ಕೆಲಸ ಮಾಡುವ ಸೊಹೇಲ ಓದುತ್ತಿದ್ದ. "ಹಳಿ ಪೆಡಲ್ ಇದ್ದಾಗೂ ಎಂಬತ್ತು. ಭಾಯಿ, ಸೈಕಲ್ ಬಿಡು, ಎರಡು ರೊಟ್ಟಿ ಕಮ್ಮಿ ತಿನ್ನು."

ಅಶ್ವಜಿತನಿಗೆ ಮೊದಲು ಬೇಕಾದದ್ದು ಗಾಳಿ ತುಂಬುವ ಹೊಸ ಫೋರ್ಕು ಮತ್ತು ಕೆಂಪು ಹಿಡಿಕೆ. ಎಸ್ತರಬಾಯಿ ಒಪ್ಪಲಿಲ್ಲ. ಮೊದಲು ಬ್ರೇಕು, ಆಮೇಲೆ ಟೈರು, ಆಮೇಲೆ ಹಿಂದಿನ ಗಾಲಿ, ಉಳಿದದ್ದೆಲ್ಲ ಕಡೆಗೆ.

"ಕೆಂಪು ಹಿಡಕಿ ಹಾಕ್ಕೊಂಡು ಎಲ್ಲಿ ಹೋಗ್ತಿ? ನಿನ್ನ ಹಿಂದಿನ ರಿಮ್ ನೋಡು, ಪಾಪಡ್ ಆಗ್ಯಾದ."

ಅವಳು ಕೆಲಸ ಮಾಡುವುದನ್ನು ನೋಡುವುದೆಂದರೆ ಜಗಳ ನೋಡಿದಂತೆ. ತುಕ್ಕು ಹಿಡಿದ ಸೀಟಿನ ಕೊಳವೆ ಬರದಿದ್ದರೆ ಸೈಕಲ್ಲನ್ನು ತಲೆಕೆಳಗು ಮಾಡಿ, ಎದುರಾಳಿಯ ಎದೆಯ ಮೇಲೆ ಮೊಣಕಾಲೂರಿದಂತೆ ಕುಳಿತು ತಿರುಚುತ್ತಿದ್ದಳು. ಕ್ರ್ಯಾಂಕಿನ ಬೋಲ್ಟಿಗೆ ಸುತ್ತಿಗೆ ಹಾಕುವಾಗ ಪ್ರತಿ ಏಟಿಗೂ ಒಂದು ಬೈಗುಳ. ಬೈಗುಳ ಮುಗಿಯುವ ಮುಂಚೆ ಬೋಲ್ಟು ಸಡಿಲವಾಗುತ್ತಿತ್ತು. ಹ್ಯಾಂಡಲ್ ಬಿಗಿ ಮಾಡಿಸದೆ ಓಡಿಸಿದ ಗಿರಾಕಿ ಯಾರೇ ಆಗಲಿ, ಬೆನ್ನಿಗೆ ಒಂದು ಗುದ್ದು. ಜನ ಗುದ್ದು ತಿಂದು ಮತ್ತೆ ಬರುತ್ತಿದ್ದರು. ಕಾರಣ ಆ ಕಬ್ಬಿಣದ ಸ್ಟ್ಯಾಂಡು.

ಗಾಲಿಯನ್ನು ಅದರ ಎರಡು ಕೈಗಳ ನಡುವೆ ಸಿಕ್ಕಿಸಿ ತಿರುಗಿಸಿದರೆ ರಿಮ್ಮಿನ ಬೆಂಡು ಎಲ್ಲಿದೆ ಎಂದು ತಿಳಿಯುತ್ತದೆ. ಎಸ್ತರಬಾಯಿ ಕಣ್ಣು ಮುಚ್ಚಿ ಕಡ್ಡಿಗಳನ್ನು ಒಂದೊಂದಾಗಿ ಉಗುರಿನಿಂದ ಮೀಟುತ್ತಿದ್ದಳು. ಸುಳ್ಳು ಸದ್ದು ಕೊಟ್ಟ ಕಡ್ಡಿಯನ್ನು ಕಾಲು ಸುತ್ತು ಬಿಗಿದರೆ ಮುಗಿಯಿತು. ಬೀದರಿನಲ್ಲಿ ಗೇರ್ ಸೈಕಲ್ಲಿನ ಗಾಲಿಯನ್ನು ಖಾಲಿ ರಿಮ್ಮಿನಿಂದ ಕಟ್ಟಿ ಎಬ್ಬಿಸುವವಳು ಅವಳೊಬ್ಬಳೇ ಎಂದು ಗಿರಾಕಿಗಳು ಹೇಳುತ್ತಿದ್ದರು. ಆ ಸ್ಟ್ಯಾಂಡು ಹೋದರೆ ಅವಳು ಬರೀ ಪಂಚರ್ ಹಾಕುವ ಹೆಂಗಸು. ಇದನ್ನು ಅವಳೇ ಹೇಳಿದ್ದು.

ಸ್ಟ್ಯಾಂಡು ಮಾಡಿದವನು ಅವಳ ಅಪ್ಪ ಇಮ್ಮಾನುಯೇಲ ಮಿಸ್ತ್ರಿ. ಮಿಷನ್ ಆಸ್ಪತ್ರೆಯ ನರ್ಸುಗಳು ಸೈಕಲ್ ಮೇಲೆ ಹಳ್ಳಿಗಳಿಗೆ ಹೋಗುತ್ತಿದ್ದ ಕಾಲದಲ್ಲಿ ಆ ಸೈಕಲ್ಲುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು. ಹಳೆಯ ಬಂಡಿಯ ಅಚ್ಚು, ರೈಲು ಹಳಿಯ ತುಂಡು ಸೇರಿಸಿ ಅದನ್ನು ಕಟ್ಟಿದ್ದ. ಭಾನುವಾರ ಚರ್ಚಿನಲ್ಲಿ ಮೆತ್ತಗೆ ಹಾಡುತ್ತಿದ್ದ, ಸೋಮವಾರದಿಂದ ಶನಿವಾರದ ತನಕ ಮಕ್ಕಳಿಬ್ಬರನ್ನೂ ಹೊಡೆಯುತ್ತಿದ್ದ. ಹೊಡೆಯುವುದಕ್ಕೂ ಅವನದೊಂದು ಕ್ರಮ ಇತ್ತು. ಮಕ್ಕಳು ಕಡ್ಡಿ ಮೀಟಬೇಕು, ಯಾವುದು ಸಡಿಲು ಎಂದು ಹೇಳಬೇಕು. ತಪ್ಪು ಹೇಳಿದರೆ ಅದೇ ಅಳತೆಯ ಇನ್ನೊಂದು ಕಡ್ಡಿಯಿಂದ ಬೆರಳ ಗೆಣ್ಣಿನ ಮೇಲೆ. ಎಸ್ತರ ಎಂಟನೆಯ ವಯಸ್ಸಿಗೆ ತಪ್ಪು ಹೇಳುವುದು ಬಿಟ್ಟಳು. ಅವಳಿಗಿಂತ ಎರಡು ವರ್ಷ ಸಣ್ಣವನಾದ ಡೇನಿಯಲ ಬಿಡಲಿಲ್ಲ. ಅವನಿಗೆ ಕಿವಿಯೇ ಇರಲಿಲ್ಲ. ಒಂದು ದಿನ ಏಟಿನ ಹೆದರಿಕೆಗೆ ಗಡಿಬಿಡಿ ಮಾಡಿ, ತಿರುಗುವ ಗಾಲಿಯೊಳಗೆ ಬೆರಳು ಕೊಟ್ಟ. ಬೆರಳು ಎರಡು ಕಡೆ ಮುರಿಯಿತು. ಅಪ್ಪ ಮೊದಲು ಗಾಲಿ ಪರೀಕ್ಷಿಸಿದ, ಮೂರು ಕಡ್ಡಿ ಸೊಟ್ಟಾಗಿದ್ದಕ್ಕೆ ಮಗನಿಗೆ ಬಾರಿಸಿದ, ಅನಂತರ ಆಸ್ಪತ್ರೆಗೆ ಕರೆದೊಯ್ದ. ಡೇನಿಯಲ ಹದಿನಾರಕ್ಕೆ ಭಾಲ್ಕಿಗೆ ಓಡಿಹೋದ.

"ನೀವರೆ ಬಿಡಿಸ್ಬಾರ್ದಿತ್ತೇನ್ರಿ ಅಕ್ಕಾರ?" ಎಂದು ಅಶ್ವಜಿತ ಕೇಳಿದ್ದ.

"ನನ್ನ ಕೈಯಾಗೂ ಕಡ್ಡಿ ಇತ್ತು. ಸೊಟ್ಟಾದವು ಎಣಸ್ಲಾಕತ್ತಿದ್ದೆ," ಎಂದಳು.

ಅವಳನ್ನೂ ಕೊಟ್ಟದ್ದು ಭಾಲ್ಕಿಗೇ. ಗಂಡ ಬೆಲ್ಟಿನಿಂದ ಹೊಡೆಯುವವನು. ಅಪ್ಪನ ಏಟಿನಲ್ಲಿ ಕಾರಣವಾದರೂ ಇರುತ್ತಿತ್ತು, ಇವನದರಲ್ಲಿ ಅದೂ ಇಲ್ಲ ಎಂದು ಅವಳು ಎರಡು ವರ್ಷ ಅಚ್ಚರಿಪಟ್ಟಳು. ಮೂರನೆಯ ವರ್ಷ ಒಂದು ಬೆಳಿಗ್ಗೆ ಬೆಲ್ಟನ್ನು ಕಸಿದು ಅವನ ಬಾಯಿಯ ಮೇಲೇ ಬೀಸಿದಳು. ಎರಡು ಹಲ್ಲು ಬಿದ್ದವು. ಅವನ ಸೈಕಲ್ಲನ್ನೇ ಹತ್ತಿ, ಒಂದು ಕಣ್ಣು ಬಾತು ಮುಚ್ಚಿಹೋಗಿದ್ದರೂ, ಉಳಿದ ಕಣ್ಣಿನಿಂದ ದಾರಿ ನೋಡುತ್ತ ಮಧ್ಯಾಹ್ನದ ಹೊತ್ತಿಗೆ ಬೀದರ ತಲುಪಿದಳು. ಅಪ್ಪ ಸೈಕಲ್ ನೋಡಿ ಕೇಳಿದ್ದು ಒಂದೇ ಮಾತು: "ಚೈನಿಗಿ ಎಣ್ಣಿ ಬಿಟ್ಟಿಲ್ಲೇನು?" ಅವತ್ತಿನಿಂದ ಅವಳು ಅಂಗಡಿಯಲ್ಲಿ ಕುಳಿತಳು. ಅಪ್ಪ ತೀರಿಕೊಂಡು ಆರು ವರ್ಷ.

ಡೇನಿಯಲ ಪಾಲು ಕೇಳಿಕೊಂಡು ಬಂದದ್ದು ಈ ಯುಗಾದಿ ಕಳೆದ ಮೇಲೆ. ಜಾಗ ಸರಕಾರದ್ದು, ತಗಡು ತುಕ್ಕಿನದ್ದು, ಹಾಗಾಗಿ ಪಾಲು ಮಾಡಲು ಉಳಿದದ್ದು ಸಾಮಾನು ಮಾತ್ರ. ಮನೆತನದ ಇಬ್ಬರು ಹಿರಿಯರು ಕುರ್ಚಿ ಹಾಕಿಕೊಂಡು ಕುಳಿತು ಅರ್ಧ ಅರ್ಧ ಎಂದರು. ಎಸ್ತರಬಾಯಿ ಎದುರಾಡಲಿಲ್ಲ. ಬೋಲ್ಟು ತಿರುಗಿಸುವ ಪಾನಾಗಳನ್ನೆಲ್ಲ ಗೋಣಿಚೀಲದ ಮೇಲೆ ಸಾಲಾಗಿ ಹರಡಿದಳು. ಅವನು ಒಂದು ಬಿಟ್ಟು ಒಂದು ಎತ್ತಿಕೊಂಡ. ಪೆಡಲ್ ಜೋಡಿಗಳಲ್ಲಿ ಒಂದೊಂದು ಅವನಿಗೆ. ಬ್ರೇಕ್ ಹಿಡಿಕೆಯಲ್ಲಿ ಒಂದೊಂದು. ಪಂಪಿನ ಹಿಡಿ ಇವಳಿಗೆ, ಕೊಳವೆ ಅವನಿಗೆ. ಹಿರಿಯರು ತಲೆದೂಗಿದರು. ಸಂಜೆಯ ಹೊತ್ತಿಗೆ ಇಬ್ಬರ ಕೈಯಲ್ಲೂ ಒಂದು ಸೈಕಲ್ ಬಿಚ್ಚುವಷ್ಟು ಸಾಮಾನು ಇರಲಿಲ್ಲ.

ಅವನು ಆ ಸ್ಟ್ಯಾಂಡಿನ ಮೇಲೆ ಕೈಯಿಟ್ಟ.

"ಇದು ಅರ್ಧ ಆಗಲ್ಲ, ಡ್ಯಾನಿ," ಎಂದಳು ಎಸ್ತರಬಾಯಿ.

"ಅರ್ಧ ಯಾರಿಗಿ ಬೇಕು? ಇದು ನನ್ನ ಬೆರಳು ತಿಂದದ ಅಕ್ಕಾ. ಪೂರಾ ನಂದೇ."

"ಒಯ್ದು ಏನು ಮಾಡ್ತಿ? ನಿನಗ ಗಾಲಿ ಕಟ್ಲಾಕ ಬರಲ್ಲ."

"ಗುಜರಿಗಿ ಹಾಕ್ತೀನಿ. ಕಾಯಿಸಿ ಕರಗಸೂದು ಕಣ್ಣಿಲೆ ನೋಡ್ತೀನಿ."

ಅವಳು ಸ್ಟ್ಯಾಂಡಿನ ಮುಂದೆ ಬಂದು ನಿಂತಳು. ಅವನು ಗೋಡೆಯ ಮೊಳೆಗೆ ತೂಗುಹಾಕಿದ್ದ ಸೈಕಲ್ ಚೈನು ಕಿತ್ತು ಬೀಸಿದ. ಮೊದಲ ಏಟು ಭುಜಕ್ಕೆ, ಎರಡನೆಯದು ಕುತ್ತಿಗೆಗೆ. ಅವಳು ಚೈನಿನ ತುದಿ ಹಿಡಿದು ಎಳೆದಾಗ ಅವಳ ಅಂಗೈಯ ಚರ್ಮ ಅದಕ್ಕೆ ಅಂಟಿಕೊಂಡು ಬಂತು. ಹಿರಿಯರಿಬ್ಬರೂ ಕುರ್ಚಿ ಸಮೇತ ಹಿಂದೆ ಸರಿದರು. ಗುರುವಾರ ಟಂಟಂ ತಂದು ಒಯ್ಯುತ್ತೇನೆ ಎಂದು ಹೇಳಿ ಡೇನಿಯಲ ಭಾಲ್ಕಿಯ ಬಸ್ಸು ಹತ್ತಿದ.

ಆ ಗುರುವಾರ ಅಶ್ವಜಿತ ಕೆಲಸಕ್ಕೆ ರಜೆ ಹಾಕಿದ. ಎಸ್ತರಬಾಯಿಯ ಬೆಂಬಲಕ್ಕೆ ನಿಲ್ಲಲು ಎಂದು ಸೊಹೇಲನ ಮುಂದೆ ಎದೆ ಉಬ್ಬಿಸಿ ಹೇಳಿದ್ದ. ನಿಜ ಸಂಗತಿ ಬೇರೆ. ಬುಧವಾರವೇ ಅವಳು, ಅಶ್ವಜಿತ ಸೊಹೇಲನ ಮನೆಯಿಂದ ತಂದುಕೊಟ್ಟ ಪಾನಾಗಳಿಂದ ಅವನ ಹೊಸ ಹಿಂದಿನ ಗಾಲಿಯನ್ನು ಕಟ್ಟಲು ಶುರುಮಾಡಿದ್ದಳು. ಎರಡು ಪದರದ ರಿಮ್ಮು, ನಡುವೆ ಒಳ್ಳೆಯ ಹಬ್ಬು, ಮೂವತ್ತಾರು ಹೊಸ ಕಡ್ಡಿ. ಅದು ಸ್ಟ್ಯಾಂಡಿನ ಮೇಲೇ ಇತ್ತು. ಸ್ಟ್ಯಾಂಡು ಟಂಟಂ ಹತ್ತಿದರೆ ಗಾಲಿಯೂ ಹತ್ತುತ್ತದೆ ಎಂಬ ಚಿಂತೆಯಿಂದ ಅವನಿಗೆ ಊಟ ಸೇರಿರಲಿಲ್ಲ.

ಡೇನಿಯಲ ಹತ್ತು ಗಂಟೆಗೆ ಬಂದ. ಕೈಯಲ್ಲಿ ಕಬ್ಬಿಣದ ಹಾರೆಯಂಥ ಸಬ್ಬಲು, ಹೆಗಲ ಮೇಲೆ ಹಗ್ಗ. ಟಂಟಂನವನು ದೂರದಲ್ಲೇ ಗಾಡಿ ನಿಲ್ಲಿಸಿ, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ತಂಬಾಕು ತಿಕ್ಕತೊಡಗಿದ.

"ಆಚೀಗಿ ಸರಿ ಅಕ್ಕಾ," ಎಂದ ಡೇನಿಯಲ.

"ಸರಿಯೂದಿಲ್ಲ."

ಅವನು ಸಬ್ಬಲಿನ ಹಿಂಬದಿಯಿಂದ ಅವಳ ಹೊಟ್ಟೆಗೆ ತಿವಿದ. ಅವಳು ಮಡಚಿಕೊಂಡು ಕುಸಿದಳು. ಅಶ್ವಜಿತ ಮುಂದೆ ನುಗ್ಗಿದ. ಚಹಾದಂಗಡಿಯಿಂದ ನೋಡುತ್ತಿದ್ದವರಿಗೆ ಅದು ಶೌರ್ಯವಾಗಿ ಕಂಡಿತಂತೆ. ಅವನು ಎರಡೂ ಕೈಯಿಂದ ತಬ್ಬಿಕೊಂಡದ್ದು ಮಾತ್ರ ಗಾಲಿಯನ್ನು. ಡೇನಿಯಲ ಅವನ ಕೂದಲು ಹಿಡಿದು ಎಳೆದು, ಮುಖವನ್ನು ತಗಡಿಗೆ ಅಪ್ಪಳಿಸಿದ. ಮುಂದಿನ ಹಲ್ಲು ನಾಲಿಗೆಯ ಮೇಲೆ ಬಂದು ಕುಳಿತದ್ದು ಅಶ್ವಜಿತನಿಗೆ ಗೊತ್ತಾಯಿತು. ಅವನು ಗಾಲಿ ಬಿಟ್ಟ. ಡೇನಿಯಲ ಗಾಲಿಯನ್ನು ನೆಲಕ್ಕೆಸೆದು ಸಬ್ಬಲು ಎತ್ತಿ ಹಾಕಿದ. ಒಂದು, ಎರಡು, ಮೂರು. ಕಡ್ಡಿಗಳು ಒಂದೊಂದಾಗಿ ಸಿಡಿದವು, ಒಂದು ಬಂದು ಅಶ್ವಜಿತನ ಗಲ್ಲದಲ್ಲಿ ನಾಟಿತು. ಬಿಗಿದ ಕಡ್ಡಿ ಸಿಡಿಯುವ ಸದ್ದಿಗೆ ಡೇನಿಯಲನ ಮುಖದಲ್ಲಿ ಎಂಥದೋ ನೆಮ್ಮದಿ. ಅಪ್ಪ ಸತ್ತದ್ದು ಅವನಿಗೆ ಆಗಷ್ಟೇ ತಿಳಿದಂತಿತ್ತು.

ಆಮೇಲೆ ಅವನು ಸ್ಟ್ಯಾಂಡಿನ ಬುಡದ ಬೋಲ್ಟುಗಳನ್ನು ಸಬ್ಬಲಿನಿಂದ ಮೀಟಿ ಕಿತ್ತ. ತೂಕ ಬಹಳ. ಹೊಸಿಲ ಕಲ್ಲಿನ ತನಕ ಎಳೆದು ತಂದು, ಅಲ್ಲಿ ಮಂಡಿಯೂರಿ ಕುಳಿತು, ಅದರ ಕಾಲಿಗೆ ಹಗ್ಗ ಬಿಗಿಯತೊಡಗಿದ. ಒಂದು ಕೈಯನ್ನು ಕಲ್ಲಿನ ಮೇಲೆ ಊರಿ, ಇನ್ನೊಂದು ಕೈ ಮತ್ತು ಹಲ್ಲಿನಿಂದ ಗಂಟು ಎಳೆಯುತ್ತಿದ್ದ. ಏದುಸಿರು ಬಿಡುತ್ತಿದ್ದ. ಹಿಂದೆ ತಿರುಗಿ ನೋಡಲಿಲ್ಲ.

ಎಸ್ತರಬಾಯಿ ಗೋಡೆ ಹಿಡಿದು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಶ್ವಜಿತ ಹಿಂದೊಮ್ಮೆ ಬೋಲ್ಟು ಬಿಚ್ಚಿದ್ದಾಗ ಆ ಸ್ಟ್ಯಾಂಡು ಎತ್ತಲು ಹೋಗಿ ನಾಲ್ಕು ದಿನ ಸೊಂಟ ಹಿಡಿದುಕೊಂಡು ನಡೆದಿದ್ದ. ಅವಳು ಅದರ ಎರಡೂ ಕೈಗಳನ್ನು ಹಿಡಿದು, ಒಂದು ಕಾಲಿನ ಮೇಲೆ ವಾಲಿಸಿ, ಮೊಣಕಾಲಿನಿಂದ ಮೇಲೆತ್ತಿದಳು. ಒಂದು ಕ್ಷಣ ಹಾಗೇ ಹಿಡಿದಳು. ಬಾಗಿ ಕೆಳಗೆ ನೋಡಿದಳು. ಅರ್ಧ ಗೇಣು ಪಕ್ಕಕ್ಕೆ ಸರಿಸಿದಳು. ಅವನು ಹಗ್ಗದಿಂದ ಹಲ್ಲು ಬಿಡಿಸಿ ತಲೆಯೆತ್ತುವ ಮುಂಚೆ ಬಿಟ್ಟಳು.

ಡೇನಿಯಲನ ಕೂಗು ಕೇಳಿ ಟಂಟಂನವನು ತಂಬಾಕು ಚೆಲ್ಲಿ ಗಾಡಿ ಚಾಲೂ ಮಾಡಿದ. ಸ್ಟ್ಯಾಂಡಿನ ಹಳಿಯ ಕೆಳಗೆ ಕೈ ಸಿಕ್ಕಿಕೊಂಡಿತ್ತು, ಮಣಿಕಟ್ಟಿನ ಎಲುಬು ಚರ್ಮ ಸೀಳಿ ಹೊರಗೆ ಬಂದಿತ್ತು. ಎಸ್ತರಬಾಯಿಯೇ ಸ್ಟ್ಯಾಂಡು ಎತ್ತಿದಳು. ತನ್ನ ಸೆರಗು ಹರಿದು ಅವನ ಕೈಯನ್ನು ಬಿಗಿದು ಕಟ್ಟಿ, ಅದೇ ಟಂಟಂ ಅಡ್ಡಗಟ್ಟಿ, ಅವನನ್ನು ಒಳಗೆ ತಳ್ಳಿದಳು.

"ಸರಕಾರಿ ದವಾಖಾನಿ," ಎಂದಳು ಡ್ರೈವರಿಗೆ. "ಸಾವಕಾಶ ಹೋದ್ರ ನಿನ್ನೂ ಬಿಡಲ್ಲ."

ಮರುದಿನ ಪೊಲೀಸ್ ಠಾಣೆ. ಡೇನಿಯಲ ಆಸ್ಪತ್ರೆಯ ಮಂಚದಿಂದಲೇ ದೂರು ಕೊಟ್ಟಿದ್ದ. ಸಬ್ ಇನ್‌ಸ್ಪೆಕ್ಟರ್ ತುಮಕೂರು ಕಡೆಯವರು, ಬಂದು ಮೂರು ತಿಂಗಳಾಗಿತ್ತು. ಅವರು ಎಸ್ತರಬಾಯಿಯ ಕುತ್ತಿಗೆಯ ಮೇಲಿನ ಚೈನಿನ ಗುರುತನ್ನು ನೋಡಿದರು, ಅಶ್ವಜಿತನ ಬೊಚ್ಚು ಬಾಯಿ ನೋಡಿದರು, ಬೇಸರದಿಂದ ಪೆನ್ನು ತೆಗೆದರು. ಮೊದಲು ಅಶ್ವಜಿತನನ್ನು ಕೇಳಿದರು.

ಅಶ್ವಜಿತ ರಾತ್ರಿಯಿಡೀ ಸುಳ್ಳು ಕಟ್ಟಿದ್ದ. ಬೋಲ್ಟು ಕಿತ್ತ ಮೇಲೆ ಸ್ಟ್ಯಾಂಡು ಡಗಮಗ ಆಗುತ್ತಿತ್ತು, ಡೇನಿಯಲನೇ ಹಗ್ಗ ಎಳೆದ, ಅದು ತಾನಾಗಿಯೇ ಉರುಳಿ ಬಿತ್ತು ಎಂದು ಹೇಳಿದ. ಹಲ್ಲಿಲ್ಲದ ಸಂದಿನಿಂದ ಮಾತು ಸಿಳ್ಳೆಯಾಗಿ ಹೊರಡುತ್ತಿತ್ತು. ಸುಳ್ಳಿಗೆ ಅದರಿಂದ ಅಂಥ ಗಾಂಭೀರ್ಯ ಬರಲಿಲ್ಲ. ಆದರೂ ಸಾಹೇಬರು ಅಷ್ಟನ್ನೂ ಬರೆದುಕೊಂಡರು. ಪೆನ್ನು ಕೆಳಗಿಟ್ಟು ಎಸ್ತರಬಾಯಿಯ ಕಡೆ ತಿರುಗಿದರು.

"ನೋಡಿ ಅಮ್ಮಾ, ಬಿಡಿಸಿ ಹೇಳ್ತೀನಿ. ಅದು ತಾನಾಗಿ ಬಿದ್ದಿದ್ರೆ ಆಕಸ್ಮಿಕ. ಸ್ಟ್ಯಾಂಡು ನಿಮ್ಮ ಅಂಗಡೀಲೇ ಇರತ್ತೆ, ನಾಳೆಯಿಂದ ಕೆಲಸ ಮಾಡ್ಕೊಳ್ಳಿ. ನೀವು ಎತ್ತಿ ಹಾಕಿದ್ರೆ ಅದು ಆಯುಧ. ಮುದ್ದೆಮಾಲು ಅಂತ ಜಪ್ತಿ ಮಾಡಿ ಹಿಂದುಗಡೆ ಕೋಣೇಲಿ ಇಡಬೇಕಾಗತ್ತೆ. ಕೇಸು ಮುಗಿಯೋ ತನಕ ಸಿಗಲ್ಲ. ಎಷ್ಟು ವರ್ಷವೋ ಗೊತ್ತಿಲ್ಲ. ನಿಮ್ಮ ಮೇಲೂ ಕೇಸಾಗತ್ತೆ."

ಎಸ್ತರಬಾಯಿ ತನ್ನ ಅಂಗೈಯ ಪಟ್ಟಿ ನೋಡಿಕೊಂಡಳು.

"ನಿಮ್ಮ ತಮ್ಮ ಮೂರು ಏಟು ಹಾಕಿದ್ದಾರೆ ನಿಮಗೆ. ನಿಮ್ಮ ಕಷ್ಟ ನನಗೆ ಅರ್ಥವಾಗತ್ತೆ," ಎಂದು ಸಾಹೇಬರು ದನಿ ತಗ್ಗಿಸಿದರು. "ಈ ಹುಡುಗ ಹೇಳಿದ ಹಾಗೇ ಅಲ್ವಾ? ಜಾರಿ ಬಿತ್ತು, ಸರೀನಾ?"

ಅಶ್ವಜಿತ ಮೇಜಿನ ಕೆಳಗೆ ಅವಳ ಕಾಲು ತುಳಿದ. ಮೆತ್ತಗೆ ಪಿಸುಗುಟ್ಟಿದ: "ಹೂಂ ಅನ್ರಿ ಅಕ್ಕಾರ."

ಅವಳು ತಿರುಗಿ, ಅಲ್ಲೇ, ಠಾಣೆಯೊಳಗೇ, ಅವನ ತಲೆಗೆ ಒಂದು ಮೊಟಕಿದಳು. ಕಾನ್‌ಸ್ಟೇಬಲ್ ಒಬ್ಬ ಎದ್ದು ನಿಂತ.

"ನಿಜವಾಗಿ ಕೇಳ್ತೀನಿ, ಅಮ್ಮಾ," ಎಂದರು ಸಾಹೇಬರು, ಈಗ ಅವರ ದನಿಯೂ ಗಡುಸಾಗಿತ್ತು. "ಆಸ್ಪತ್ರೆಯಿಂದ ರಿಪೋರ್ಟು ಬಂದಿದೆ. ಎಡಗೈ ಮಣಿಕಟ್ಟು ಪುಡಿಯಾಗಿದೆ, ಇನ್ನು ಅದು ಮುಷ್ಟಿ ಕಟ್ಟಲ್ಲ ಅಂದಿದ್ದಾರೆ. ಒಡಹುಟ್ಟಿದ ತಮ್ಮ. ಬೇಕು ಅಂತಲೇ ಹಾಕಿದಿರಾ?"

"ನಮ್ಮಪ್ಪ ಮಾಡಿದ ಸ್ಟ್ಯಾಂಡ್ ತಾನಾಗೇ ಬೀಳೂದಿಲ್ಲರಿ," ಎಂದಳು ಎಸ್ತರಬಾಯಿ. "ನಾನೇ ಹಾಕೀನಿ. ಎಡಗೈ ನೋಡಿ ಹಾಕೀನಿ. ಬಲಗೈಲೆ ಅವ ದುಡುದು ತಿನ್ನಬೇಕಲ್ರಿ."